ಮುಳುಗಬೇಕಾದ ದೋಣಿ

ಹಾರವಾಡದ ಮೀನುಗಾರರ ಕೇರಿಯಲ್ಲಿ ಮಂಗಲಾ ಹರಿಕಂತ್ರಳ ದಿನಕ್ಕೆ ಮೂರೇ ಮೂಲೆಗಳಿದ್ದವು. ಬೆಳಗ್ಗೆ ಗಂಡನ ಮನೆಯ ಒಲೆ, ಹತ್ತು ಗಂಟೆಗೆ ಶಾಲೆಯ ಬಿಸಿಯೂಟದ ಒಲೆ, ಮೂರರ ಮೇಲೆ ಒಣಮೀನಿನ ಕಾವಲು. ಮರಳ ಮೇಲೆ ಹರಡಿದ ಮೀನನ್ನು ಕಾಗೆ ನಾಯಿಗಳು ಮುಟ್ಟದಂತೆ ಕೋಲು ಹಿಡಿದು ಕೂತರೆ ಹೊತ್ತು ಇಳಿಯುವ ತನಕ ಏಳುವಂತಿರಲಿಲ್ಲ. ಎದುರಿಗೇ ಕಡಲು, ನೂರು ಹೆಜ್ಜೆಯ ದೂರ. ಮದುವೆಯಾಗಿ ಹದಿಮೂರು ವರ್ಷವಾದರೂ ಅವಳು ಅದರ ಮೇಲೆ ಒಮ್ಮೆಯೂ ಹೋದವಳಲ್ಲ. ಮೀನು ಹಿಡಿಯುವ ಬೋಟಿಗೆ ಹೆಂಗಸರು ಹತ್ತುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಪೂಜೆಯ ದಿನ ಬೋಟಿನ ಮೂತಿಗೆ ಕುಂಕುಮ ಹಚ್ಚಿ ಹಿಂದೆ ಸರಿಯುವುದಷ್ಟೇ ಅವಳ ಪಾಲು.

ಇಂಥ ಹೆಂಗಸು ಮಕ್ಕಳಿಗಾಗಿ ಕಡಲಿನ ಸಾಹಸದ ಕಥೆ ಬರೆದಳು ಎಂದರೆ ಯಾರಾದರೂ ಹುಬ್ಬೇರಿಸಿಯಾರು. ಆದರೆ ಎದ್ದು ಹೋಗುವ ಅನುಕೂಲವಿದ್ದಿದ್ದರೆ ಅವಳು ಬರೆಯುತ್ತಿದ್ದಳೋ ಇಲ್ಲವೋ ಹೇಳುವುದು ಕಷ್ಟ.

ಕಥೆ ಹುಟ್ಟಿದ್ದು ಶಾಲೆಯ ಅಡುಗೆಕೋಣೆಯಲ್ಲಿ. ಮಳೆಗಾಲದಲ್ಲಿ ಆಟದ ಬಯಲು ಕೆಸರಾದಾಗ, ಉಂಡ ಮಕ್ಕಳು ಅವಳ ಸುತ್ತ ಬಂದು ನಿಲ್ಲುತ್ತಿದ್ದರು. ಅನ್ನದ ಪಾತ್ರೆ ತಿಕ್ಕುತ್ತ ಅವಳು ಹೇಳುತ್ತಿದ್ದಳು: ಮೂವರು ಮಕ್ಕಳು, ಒಂದು ಬೋಟು, ಯಾರೂ ಇಲ್ಲದ ಒಂದು ದ್ವೀಪ. ಬೋಟಿನ ಹೆಸರು ‘ಜಲದುರ್ಗಾ’. ಅದು ಅವಳ ಗಂಡನ ಮನೆಯದೇ ಬೋಟು. ಆ ಕೇರಿಯಲ್ಲಿ ಅವಳು ತನ್ನದೆನ್ನಬಹುದಾದ ಬೋಟು ಅದೊಂದೇ ಆದ್ದರಿಂದ ಪ್ರೀತಿಯಿಂದ ಅದನ್ನೇ ಇಟ್ಟಿದ್ದಳು. ಮಕ್ಕಳಿಗೂ ಅದು ಹಿತವಾಗಿತ್ತು. ದಿನಾ ಕಾಣುವ ಬೋಟು ಊಟದ ಬಿಡುವಿನಲ್ಲಿ ಕಥೆಯೊಳಗೆ ಹೋಗಿ, ಗಂಟೆ ಬಾರಿಸುವುದರೊಳಗೆ ದಡಕ್ಕೆ ಮರಳಿ ಬರುತ್ತಿತ್ತು.

ಶಾಲೆಯ ಶಿಕ್ಷಕಿ ವಿನುತಾ ಅಕ್ಕೋರು ಇದನ್ನು ಕಿಟಕಿಯಿಂದ ಕೇಳಿಸಿಕೊಂಡು ಒಂದು ದಿನ ಇನ್ನೂರು ಪುಟದ ನೋಟುಬುಕ್ಕು ತಂದುಕೊಟ್ಟರು.

“ಬರಿ ಮಂಗಲಾ. ಬರೀ ಬಾಯಲ್ಲಿ ಹೇಳಿ ನೀರಿಗೆ ಹಾಕ್ಬ್ಯಾಡ.”

“ನಾ ಓದಿದ್ದು ಏಳನೇತ್ತೆ, ಅಕ್ಕೋರೆ.”

“ಓದೂ ಮಕ್ಕಳೂ ಏಳನೇತ್ತೆನೇ. ಸಮ ಆಯ್ತಲ್ಲ!”

ಎರಡು ಬೇಸಿಗೆ ಅವಳು ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಪೆನ್ನು ಹಿಡಿದು ಮೀನು ಕಾದಳು. ಅಕ್ಕೋರು ಅದನ್ನು ಧಾರವಾಡದ ಒಂದು ಚಿಕ್ಕ ಪ್ರಕಾಶನಕ್ಕೆ ಕಳಿಸಿದರು. ಸಂಪಾದಕರಿಂದ ಉತ್ತರ ಬಂತು. ಕಥೆ ಹಿಡಿಸಿತು, ನೋಟುಬುಕ್ಕಿಗೆ ಮೀನಿನ ವಾಸನೆ ಇದೆ, ಅದೂ ಹಿಡಿಸಿತು. ಆದರೆ ಅಪಾಯ ಸಾಲದು. ಪ್ರತಿ ಅಧ್ಯಾಯದಲ್ಲೂ ಬೋಟು ಸುಖವಾಗಿ ಮನೆಗೆ ಬರುತ್ತದೆ. ಸಾಹಸಕ್ಕೆ ಹೊರಟವರಿಗೆ ಮನೆ ಅಷ್ಟು ಹತ್ತಿರ ಇರಬಾರದು.

ಮಂಗಲಾ ಒಂದು ವಾರ ಯೋಚಿಸಿ ಏಳನೆಯ ಅಧ್ಯಾಯದಲ್ಲಿ ಬೋಟನ್ನು ಬಂಡೆಗೆ ಬಡಿಸಿ ಮುಳುಗಿಸಿದಳು. ಮಕ್ಕಳು ಈಜಿ ದ್ವೀಪ ಸೇರಿದರು. ಅಲ್ಲಿಂದ ಮುಂದೆ ಕಥೆ ತಾನಾಗಿ ಓಡಿತು, ಇನ್ನೂ ಹನ್ನೊಂದು ಅಧ್ಯಾಯ. ಪ್ರಕಾಶಕರು ಒಪ್ಪಿದರು.

೨೦೦೬ರ ಜುಲೈ ಕೊನೆಯಲ್ಲಿ ಅಚ್ಚಿನ ಕರಡು ಅಂಚೆಯಲ್ಲಿ ಬಂತು. ಜೊತೆಗೊಂದು ಚೀಟಿ: ಸಣ್ಣಪುಟ್ಟ ತಿದ್ದುಪಡಿಗಳನ್ನಷ್ಟೇ ಮಾಡಿ, ಆಗಸ್ಟ್ ಐದರೊಳಗೆ ನಮ್ಮ ಕೈಸೇರುವಂತೆ ಕಳಿಸಿರಿ. ತಡವಾದರೆ ಈ ವರ್ಷದ ಪಟ್ಟಿಯಿಂದ ಕೈಬಿಡಬೇಕಾಗುತ್ತದೆ, ಮುಂದಿನ ವರ್ಷದ ಮಾತು ಕೊಡಲಾರೆವು. ಮೊದಲ ಹಾಳೆಯ ಮೇಲೆ ಅವಳ ಹೆಸರಿತ್ತು. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಅವಳ ಹೆಸರಿನ ಹಿಂದೆ ಮುಂದೆ ಯಾರದಾದರೂ ಹೆಸರು ಇರುತ್ತಿತ್ತು. ಇಲ್ಲಿ ಅವಳದೊಂದೇ.

ಅವಳಿಗಿಂತ ಹೆಚ್ಚು ಹಿಗ್ಗಿದವನು ಗಂಡ ಕಿಶೋರ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳವು. ಬೋಟು ಬೇಲೆಕೇರಿಯಲ್ಲಿ ಕಟ್ಟಿತ್ತು, ಗಂಡಸರೆಲ್ಲ ಮನೆಯ ಪಕ್ಕದ ಚಪ್ಪರದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಕಿಶೋರ ಕರಡನ್ನು ಅಲ್ಲಿಗೇ ಒಯ್ದ.

“ಕೇಳಿ ರೇ, ನಮ್ಮನೇಲಿ ಬರ್ದದ್ದು!”

ಒಂದೊಂದೇ ಅಧ್ಯಾಯ ಓದಿದ. ಬಲೆಯ ಸೂಜಿಗಳು ಆಡುತ್ತಿದ್ದವು, ನಗು ಏಳುತ್ತಿತ್ತು. ಬೋಟಿನ ಆಳು, ಖಲಾಸಿ ಯೋಗೇಶ, “ಕಿಶೋರಾ, ನಿನ್ ಹೆಂಡ್ತಿ ಜಟ್ಟಪ್ಪಣ್ಣನ್ಕಿಂತ ಚಲೋ ಬೋಟ್ ನಡಸ್ತಾಳೆ. ಈ ವರ್ಷ ತಾಂಡೇಲ ಅವ್ಳೇ ಆಗ್ಲಿ!” ಎಂದ. ತಾಂಡೇಲನೆಂದರೆ ಬೋಟು ನಡೆಸುವ ಮುಖ್ಯಸ್ಥ. ಜಲದುರ್ಗೆಯ ತಾಂಡೇಲ ಕಿಶೋರನ ಅಣ್ಣ ಜಟ್ಟಪ್ಪ. ಅವನೂ ನಕ್ಕ.

ಕಿಶೋರ ಏಳನೆಯ ಅಧ್ಯಾಯಕ್ಕೆ ಬಂದ. ‘ಜಲದುರ್ಗಾ ಒಮ್ಮೆ ವಾಲಿತು. ಹಲಗೆಗಳ ನಡುವಿನಿಂದ ನೀರು ಉಕ್ಕಿತು. ಮಕ್ಕಳು ನೋಡುತ್ತಿದ್ದಂತೆಯೇ ಅದು ಮೂತಿ ಮೇಲೆ ಮಾಡಿ ಕಡಲೊಳಗೆ ಇಳಿದುಹೋಯಿತು.’

ಸೂಜಿಗಳು ನಿಂತವು. ಚಹಾದ ತಟ್ಟೆ ಹಿಡಿದು ಬಂದ ಮಂಗಲಾ ಚಪ್ಪರದ ಕಂಬದ ಹತ್ತಿರವೇ ನಿಂತಳು.

“ಕಿಶೋರಾ, ಅದು ನಮ್ಮ ಬೋಟ್ ಅಲ್ದ?” ಯೋಗೇಶ ಮೆಲ್ಲಗೆ ಕೇಳಿದ.

“ಕಥೆ ರೇ, ಮಕ್ಳ ಕಥೆ...”

“ಕಥೆಲಿ ಹೋದ್ರೂ ಹೆಸ್ರು ನಮ್ದೇ ಅಲ್ದ? ಹುಣ್ಮೆಗೆ ಬೋಟ್ ಕಡ್ಲಿಗೆ ಇಳ್ಸೂಕೆ ಇನ್ನು ಹದ್ನೈದ್ ದಿನ ಇಲ್ಲ. ಅಚ್ಚಾಕಿ ಮುಳ್ಗ್ಸದ್ ಬೋಟಿಗೆ ನಾವ್ ಹತ್ತೂದಾ?”

ಮಂಗಲೆಗೆ ಆಗ ಹೊಳೆಯಿತು. ಆ ಕೇರಿಯಲ್ಲಿ ಯಾರ ಬೋಟಿನ ಬಗ್ಗೆಯೂ ‘ಮುಳುಗಿತು’ ಎಂಬ ಮಾತನ್ನು ಯಾರೂ ಆಡುವುದಿಲ್ಲ. ‘ಬೋಟು ಬರಲಿಲ್ಲ’ ಎನ್ನುತ್ತಾರೆ. ಅವಳೂ ಮೀನುಗಾರನ ಮಗಳೇ, ಹಾಲು ಕುಡಿಯುವಾಗಿನಿಂದ ಇದು ಗೊತ್ತು. ಪೆನ್ನು ಹಿಡಿದಾಗ ಅದು ಹೇಗೆ ಮರೆತುಹೋಯಿತೋ.

ಜಟ್ಟಪ್ಪ ಕರಡನ್ನು ತಮ್ಮನ ಕೈಯಿಂದ ತೆಗೆದುಕೊಂಡು, ಮಡಿಸಿ, ಬೋಟಿನ ಕಾಗದಪತ್ರಗಳಿದ್ದ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದ. ಅವನು ಕೆಟ್ಟವನಲ್ಲ.

“ತಂಗೀ, ನಿನ್ ಮೇಲೆ ಸಿಟ್ಟಿಲ್ಲ. ಹತ್ತು ಖಲಾಸಿಗಳು ಹತ್ತದಿದ್ರೆ ನಾ ಒಬ್ನೇ ಬಲೆ ಎಳೀಲಾ? ಹೆಸ್ರು ಬದ್ಲಿ ಮಾಡು, ಕೀಲಿಕೈ ಕೊಡ್ತೆ. ಆಗೂದಿಲ್ಲ ಅಂದ್ರೆ ಪುಸ್ತಕ ಬ್ಯಾಡ.”

ಹೆಸರು ಬದಲಿಸುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡಳು ಮಂಗಲಾ. ಅಕ್ಕಿ ಆರಿಸುತ್ತಿದ್ದ ಅತ್ತೆಯ ಮುಂದೆ ಕೂತಳು.

“ಅತ್ತೆ, ಮಹಾಮಾಯಾ ಅಂತ ಇಡ್ಲಾ?”

“ಅದು ಬೇಲೆಕೇರೀಲಿ ನನ್ನ ತಂಗಿ ಮಗಂದು. ಅವ್ನ ಮುಳ್ಗಸ್ತ್ಯಾ?”

“ಸಾಗರಜ್ಯೋತಿ?”

“ಕಾರವಾರದಲ್ಲಿ ಎರಡವೆ.”

“ಗಜಲಕ್ಷ್ಮಿ?”

“ನಾಡಿದ್ದು ಅವ್ರ ಮನೆಗೆ ಊಟಕ್ ಹೋಗೂದದೆ, ನೆನಪದ್ಯಾ? ಬಾಳೆಲೆ ಮುಂದೆ ಕೂತು ಎಂತಾ ಹೇಳ್ತೆ?”

ದೇವರ ಹೆಸರೆಲ್ಲ ಒಂದಿಲ್ಲೊಂದು ಬೋಟಿಗೆ ಇತ್ತು. ಆ ಕರಾವಳಿಯಲ್ಲಿ ಮೂವತ್ಮೂರು ಕೋಟಿ ದೇವತೆಗಳೂ ಮೀನಿಗೆ ಹೋಗುತ್ತಿದ್ದರು. ಮಂಗಲಾ ತಾನೇ ಒಂದು ಹೆಸರು ಕಟ್ಟಿದಳು, ‘ನೀಲತಾರೆ’. ಮಾಜಾಳಿಯಿಂದ ಗಂಗಾವಳಿಯ ತನಕ ಹಾಗೆ ಹೆಸರಿಟ್ಟವರು ಇರಲಿಲ್ಲ. ಜಟ್ಟಪ್ಪ ಅದನ್ನು ಕೇಳಿ ಇನ್ನಷ್ಟು ಗಂಭೀರನಾದ.

“ಅದು ಇನ್ನೂ ಕೆಟ್ಟದ್ದು. ಯಾರ್ದೂ ಅಲ್ದ ಹೆಸ್ರು ಮುಳುಗ್ದ್ರೆ ಅದು ಬೋಟ್ ಹುಡ್ಕ್ತಾ ಬತ್ತದೆ. ನಾಳೆ ಯಾರಾರೂ ತಿಳೀದೆ ಅದೇ ಹೆಸ್ರು ಇಟ್ರೆ?”

ಹಿಂದೊಮ್ಮೆ ಮರಳಿ ಬಾರದೇ ಹೋದ ಒಂದು ಬೋಟಿನ ಹೆಸರು ಅವಳ ನಾಲಿಗೆಯ ತುದಿಗೆ ಬಂತು. ಅತ್ತೆ ಥಟ್ಟನೆ ಅವಳ ಬಾಯಿ ಮುಚ್ಚಿದಳು. ಆ ಬೋಟಿನಲ್ಲಿ ಹೋದವನ ಹೆಂಡತಿ ಮೂರು ಮನೆಯಾಚೆ ಇದ್ದಳು.

ಬೋಟು ಮುಳುಗದಂತೆ ಬರೆಯಲು ನೋಡಿದಳು. ಮರಳದಿಬ್ಬದಲ್ಲಿ ಸಿಕ್ಕಿಬಿತ್ತು ಎಂದು ಒಂದು ಹಾಳೆ ಬರೆದಳು. ಮಕ್ಕಳು ಬೋಟಿನಲ್ಲೇ ಕೂತು, ಯಾರಾದರೂ ಬಂದಾರೆಂದು ಕಾಯತೊಡಗಿದರು. ದ್ವೀಪವಿಲ್ಲ, ಗುಹೆಯಿಲ್ಲ, ಸುತ್ತ ನೀರು, ಮೇಲೆ ಕಾಗೆ. ಅದನ್ನು ಓದಿದ ಅವಳಿಗೆ ತನ್ನ ಮಧ್ಯಾಹ್ನಗಳನ್ನೇ ಓದಿದಂತಾಗಿ ಹಾಳೆಯನ್ನು ಒಲೆಗೆ ಹಾಕಿದಳು. ಅಲ್ಲದೆ ಮುಂದಿನ ಹನ್ನೊಂದು ಅಧ್ಯಾಯಗಳು ಅಚ್ಚಿಗೆ ಸಿದ್ಧವಾಗಿ ಕೂತಿದ್ದವು. ಅವನ್ನು ಈಗ ಬದಲಿಸಲು ಧಾರವಾಡದವರು ಒಪ್ಪುವಂತಿರಲಿಲ್ಲ.

ದಿನಗಳು ಸರಿದವು. ಶಾಲೆಯಲ್ಲಿ ಮಕ್ಕಳು, “ಅಕ್ಕಾ, ಪುಸ್ತಕ ಯಾವಾಗ?” ಎಂದರೆ ಸಾರಿನ ಸೌಟು ಜೋರಾಗಿ ತಿರುವುತ್ತಿದ್ದಳು. ಮನೆಯಲ್ಲಿ ಟ್ರಂಕಿನ ಪಕ್ಕದಲ್ಲೇ ಹಾದುಹೋಗಬೇಕು. ಕಸ ಗುಡಿಸುವಾಗ ಅದನ್ನು ಸರಿಸಿ ಮತ್ತೆ ಅದೇ ಜಾಗಕ್ಕೆ ಇಡಬೇಕು. ಜಗಳವಾಡೋಣವೆಂದರೆ ಎದುರಿಗೆ ವೈರಿಗಳಿರಲಿಲ್ಲ. ಹತ್ತು ಮನೆಯ ಗಂಡಸರು ಕಡಲಿಗೆ ಹೋಗುವವರು, ಅವರ ಹೆದರಿಕೆ ಸುಳ್ಳಲ್ಲ. ಪುಸ್ತಕವೂ ಸುಳ್ಳಲ್ಲ. ಮೂರನೇ ತಾರೀಖಿನ ಮಧ್ಯಾಹ್ನದೊಳಗೆ ಅಂಕೋಲೆಯ ಅಂಚೆಗೆ ಬೀಳದಿದ್ದರೆ ಅದು ಐದಕ್ಕೆ ಧಾರವಾಡ ತಲುಪುವ ಹಾಗಿರಲಿಲ್ಲ.

ಎರಡನೇ ತಾರೀಖು ಬೆಳಗ್ಗೆ ಅವಳ ತಂದೆ ಸೋಮ ಬಂದ. ಅವನು ಚೆಂಡಿಯಾದವನು. ನೌಕಾನೆಲೆಗೆ ಊರ ಜಾಗ ಹೋದಾಗ ಎದ್ದು ಬಂದವರಲ್ಲಿ ಅವನೂ ಒಬ್ಬ. ಪುನರ್ವಸತಿ ಕಾಲನಿಯ ಅವನ ಮನೆಗೆ ಕಡಲು ಕಾಣುತ್ತಿರಲಿಲ್ಲ. ಐವತ್ತು ವರ್ಷ ಮೀನು ಹಿಡಿದವನು ಈಗ ಪಡವಲಕಾಯಿ ಬೆಳೆಯುತ್ತಿದ್ದ. ನಾಲ್ಕನ್ನು ಚೀಲದಲ್ಲಿ ತಂದಿದ್ದ. ಮಗಳ ಮುಖ ನೋಡಿ, “ಎಂತಾ ಆಯ್ತು?” ಎಂದ. ಅತ್ತೆಯೇ ಎಲ್ಲ ಹೇಳಿದಳು. ಮುದುಕ ಜಗಲಿಯ ತುದಿಯಲ್ಲಿ ಕೂತು ಎಲೆ ಮೆಲ್ಲುತ್ತ ಕೇಳಿದ.

“ನಮ್ಮ ದೋಣಿ ಹೆಸ್ರು ಹಾಕು,” ಎಂದ ಕೊನೆಗೆ.

ತನ್ನ ದೋಣಿಗೆ ಅವನು ತಾಯಿಯ ಹೆಸರಿಟ್ಟಿದ್ದ, ‘ಹೊನ್ನಿ’ ಎಂದು. ಮಂಗಲಾ ಬೆಚ್ಚಿದಳು. ಲಂಗ ತೊಟ್ಟ ಹುಡುಗಿಯಾಗಿದ್ದಾಗ ಅವಳು ಕಡಲ ಮೇಲೆ ಹೋಗಿದ್ದರೆ ಅದೊಂದರಲ್ಲೇ. ಹೊಳೆಯ ಬಾಯಿ ದಾಟಿ ಬಂಡೆಯ ತನಕ ಹೋಗಿ ಬರುತ್ತಿದ್ದಳು.

“ಬ್ಯಾಡ ಅಪ್ಪಾ. ನಾ ಅದ್ರಲ್ಲಿ ಕೂತವ್ಳು. ಅದ್ನ ಹೆಂಗೆ...”

ಪಕ್ಕದ ಚಪ್ಪರದಿಂದ ಜಟ್ಟಪ್ಪ ಮಾತ್ರ ತಾಂಡೇಲನ ಹಾಗೆ ವಿಚಾರಿಸಿದ. “ಮಾವಾ, ಆ ದೋಣಿ ಈಗೆಲ್ಲದೆ?”

“ಎಲ್ಲೂ ಇಲ್ಲ. ಕಾಲನೀಲಿ ಕಡ್ಲಿಲ್ವಲ್ಲ. ದಡದ್ ಹೊಯ್ಗೆ ಮೇಲೆ ಎಳ್ದಿಟ್ಟೆ. ಎರಡ್ ಬ್ಯಾಸ್ಗೆ ಬಿಸ್ಲಿಗೆ ಹಲ್ಗೆ ಬಿರ್ಕ್ ಬಿಡ್ತು. ಕಡೀಗೆ ಒಡ್ದು ಬಚ್ಚಲೊಲೆಗೆ ಹಾಕ್ದೆ. ನಾಲ್ಕ್ ತಿಂಗ್ಳು ಮೀಯೂಕೆ ನೀರ್ ಕಾಸ್ತು.”

“ಯಾರಿಗೂ ಮಾರ್ಲಿಲ್ಲ? ಹೆಸ್ರು ಯಾರೂ ತಕ್ಕಂಡಿಲ್ಲ?”

“ನನ್ನ ಆಯಿ ಹೆಸ್ರು ಯಾರ್ ತಕ್ಕಳ್ತಾರೋ! ಬದ್ಕಿದ್ದಾಗ್ಲೇ ಎಲ್ರೂ ಹೆದ್ರತಿದ್ರು.”

ಚಪ್ಪರದಲ್ಲಿ ಯೋಗೇಶ ಕಿಸಕ್ಕನೆ ನಕ್ಕ. ಜಟ್ಟಪ್ಪ, “ಹಂಗಾರೆ ಆ ಹೆಸ್ರಿಗೆ ಅದ್ರದೇ ದೋಣಿ ಇತ್ತು, ಬೇರೆ ಬೋಟ್ ಹುಡ್ಕ್ತಾ ಬರೂದಿಲ್ಲ. ಒಲೇಲಿ ಹೋದದ್ದು ಮತ್ತೆ ಮುಳುಗೂದಿಲ್ಲ,” ಎಂದ. ಖಲಾಸಿಗಳು ತಲೆಯಾಡಿಸಿದರು. ಮಂಗಲಾ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದಳು.

ಸೋಮ ಮಗಳನ್ನು ಹತ್ತಿರ ಕರೆದ. “ಕಡ್ಲಲ್ಲಿ ಇದ್ದದ್ದು ಕಡ್ಲಲ್ಲೇ ಹೋಗ್ಬೇಕಾಗಿತ್ತು ಮಗಾ. ಒಲೇಲಿ ಹೋಯ್ತು. ನಾನೇ ಕೈಯಾರೆ ಹಾಕ್ದೆ. ನಿನ್ ಕೈಲಾದ್ರೆ ಅದ್ನ ಒಂದ್ಸಲ ನೀರಲ್ಲಿ ಮುಳ್ಗ್ಸಿ ಕೊಡು.”

ಜಟ್ಟಪ್ಪ ಎದ್ದು ಟ್ರಂಕಿನ ಬೀಗ ತೆಗೆದ.

ನಲವತ್ತೊಂದು ಕಡೆ ಹೆಸರು ಹೊಡೆದು ಬರೆಯಬೇಕಾಯಿತು. ಇಂಜಿನ್ನು ಇದ್ದಲ್ಲೆಲ್ಲ ಹುಟ್ಟು ಬಂತು. ಏಳನೆಯ ಅಧ್ಯಾಯ ಓದಿ ಹೇಳಿದಾಗ ಸೋಮ ತಡೆದ. “ಮೂತಿ ಮೇಲ್ ಮಾಡೂದು ದೊಡ್ ಬೋಟು. ಇಂಥಾ ದೋಣಿ ಮಗ್ಗುಲಾಗಿ ಮಲ್ಗತದೆ, ಎಮ್ಮೆ ಹೊಳೇಲಿ ಮಲ್ಗದ ಹಂಗೆ.” ಅವಳು ಹಾಗೆಯೇ ಬರೆದಳು. ಸಣ್ಣಪುಟ್ಟ ತಿದ್ದುಪಡಿ ಎಂಬ ಮಾತನ್ನು ಮೀರಿದ್ದು ಅದೊಂದೇ ಕಡೆ. ಮರುದಿನ ಕಿಶೋರ ಕರಡನ್ನು ಅಂಕೋಲೆಗೆ ಒಯ್ದ. ಆ ಹೊತ್ತಿಗೆ ಮಂಗಲಾ ಶಾಲೆಯ ಒಲೆಯ ಮುಂದೆ ಇದ್ದಳು. ಬಿಸಿಯೂಟಕ್ಕೆ ಬದಲಿ ಆಳು ಸಿಕ್ಕಿರಲಿಲ್ಲ.

ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಕೊಟ್ಟರು. ಹತ್ತೂ ಜನ ಜಲದುರ್ಗೆಯನ್ನು ಹತ್ತಿದರು. “ಅತ್ಗೇ, ಮುಂದಿನ ಪುಸ್ತಕ ಗುಡ್ಡದ್ ಮೇಲಿಂದು ಬರಿ!” ಎಂದು ಯೋಗೇಶ ಕೂಗಿದ. ಅವಳು ಕುಂಕುಮದ ಬಟ್ಟಲು ಹಿಡಿದು ದಡದಲ್ಲೇ ನಿಂತು ನಕ್ಕಳು.

ಪುಸ್ತಕ ಡಿಸೆಂಬರಿನಲ್ಲಿ ಬಂತು. ಅಕ್ಕೋರು ಅದನ್ನು ಪ್ರಾರ್ಥನೆಯ ಹೊತ್ತಿಗೆ ಎತ್ತಿ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟುವಾಗ ಮಂಗಲಾ ಒಳಗೆ ತೊಗರಿಬೇಳೆ ತೊಳೆಯುತ್ತಿದ್ದಳು. ಮೀನಿನ ಹಂಗಾಮು ಜೋರಾಗಿತ್ತು. ಅಪ್ಪನ ಮನೆಗೆ ಹೋಗಲು ಒಂದು ಭಾನುವಾರ ಬಿಡುವಾಗುವಷ್ಟರಲ್ಲಿ ಮೂರು ವಾರ ಕಳೆದವು. ಅದೂ ಅರ್ಧ ದಿನ ಮಾತ್ರ.

ಸೋಮನಿಗೆ ಓದು ಬರುತ್ತಿರಲಿಲ್ಲ. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ, ಅವಳ ಕೈಗೇ ಕೊಟ್ಟ. “ಅದನ್ನಷ್ಟೇ ಓದು,” ಎಂದ.

ಅವಳು ಓದಿದಳು. ಹೊನ್ನಿ ಬಂಡೆಗೆ ಬಡಿಯಿತು, ನೀರು ಉಕ್ಕಿತು, ಮಗ್ಗುಲಾಗಿ ಮಲಗಿತು, ಹೋಯಿತು. ಮುದುಕ ಅಂಗಳದ ಪಡವಲ ಚಪ್ಪರದ ಕಡೆ ನೋಡುತ್ತ ಕೇಳಿದ.

“ಆಳ ಎಷ್ಟಿತ್ತು ಅಲ್ಲಿ?”

“ಬರ್ದಿಲ್ಲ ಅಪ್ಪಾ.”

“ಎಂಟು ಮಾರು. ನಮ್ಮ ಬಂಡೆ ಆಚಿಗೆ ಎಂಟು ಮಾರು ನೀರದೆ, ನಾ ಹಗ್ಗ ಬಿಟ್ ನೋಡಿದ್ದೆ.” ಮತ್ತೆ ಹೇಳಿದ, “ಈಗ ಆ ಬದಿಗೆ ನೇವಿಯವ್ರು ಯಾರಿಗೂ ಬಲೆ ಹಾಕೂಕೆ ಬಿಡೂದಿಲ್ಲ. ಚಲೋ ಆಯ್ತು. ಯಾರೂ ಎಳ್ದು ತೆಗಿಯೂದಿಲ್ಲ, ಅಲ್ಲೇ ಇರ್ತದೆ.”