ವರ್ಡೆಲಾ ಟ್ಯಾಕೆಟ್‌ಳ ಮಚ್ಚು

ಅಮೆರಿಕದ ಅರ್ಕನ್ಸಾ ರಾಜ್ಯದ ಪಾಪ್ಲರ್ ಬೆಂಡ್ ಊರಿನಲ್ಲಿ ವರ್ಡೆಲಾ ಟ್ಯಾಕೆಟ್ ಹಟ ಹಿಡಿದಳೆಂದರೆ ಪಾದ್ರಿಯೂ ದಾರಿ ಬಿಡುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಊರಿನ ಅರ್ಧ ಜನಕ್ಕೆ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿ ಬೆಳೆಸಿದ ಕೈ ಅವಳದು. ಮದುವೆಯಾಗಿದ್ದರೂ ಊರಿಗೆಲ್ಲ ಅವಳು 'ಮಿಸ್ ವರ್ಡೆಲಾ'. ಅಂಥವಳನ್ನು ರೈಲು ಕಂಪನಿ ಕೆಣಕಿತು. ಕಂಪನಿಗಳಿಗೆ ಬುದ್ಧಿ ಇರುತ್ತದೆಂದು ಯಾರು ಹೇಳಿದರೋ!

ಅವಳ ಮನೆಯ ಮಣ್ಣುರಸ್ತೆ ರೈಲುಹಳಿ ದಾಟಿಯೇ ಊರಿಗೆ ಹೋಗಬೇಕು. ಆ ಕ್ರಾಸಿಂಗ್‌ಗೆ ಗೇಟಿಲ್ಲ, ಗಂಟೆಯಿಲ್ಲ, ದೀಪವಿಲ್ಲ. ವಾಲಿಕೊಂಡ ಒಂದು ಎಚ್ಚರಿಕೆಯ ಹಲಗೆ ಅಷ್ಟೆ. ಬೇಸಿಗೆ ಬಂತೆಂದರೆ ಕುಡ್ಜು ಬಳ್ಳಿಯೂ ಆಳೆತ್ತರದ ಹುಲ್ಲೂ ಸೇರಿ ಹಳಿಯನ್ನು ಎರಡೂ ಕಡೆ ಮುಚ್ಚಿಬಿಡುತ್ತಿದ್ದವು. ಗಂಡ ರಾಯ್ಸ್ ಅಲ್ಲಿಗೆ ಬಂದಾಗಲೆಲ್ಲ ಗಾಡಿ ನಿಲ್ಲಿಸುತ್ತಿದ್ದ. ರೇಡಿಯೋ ಆರಿಸಿ, ಎರಡೂ ಕಿಟಕಿ ಇಳಿಸಿ, ಕಿವಿಗೊಟ್ಟು ಕೂರುತ್ತಿದ್ದ.

"ರೈಲನ್ನ ಊಟಕ್ಕೆ ಕರೀತಿದ್ದೀಯಾ ರಾಯ್ಸ್? ನಡಿ, ಐಸ್‌ಕ್ರೀಮು ಕರಗ್ತಿದೆ."

"ಕರಗ್ಲಿ ಬಿಡೆ. ಬದುಕಿದ್ರೆ ಕುಡಿದ್ರಾಯ್ತು."

ಪೊದೆ ಕಡಿಸಿ ಎಂದು ವರ್ಡೆಲಾ ಕಂಪನಿಗೆ ಫೋನು ಮಾಡಿ ಮಾಡಿ ಸೋತಳು. ಕೊನೆಗೊಂದು ಶನಿವಾರ ಬೆಳಿಗ್ಗೆ ಉದ್ದ ಹಿಡಿಯ ಮಚ್ಚು ಹೆಗಲಿಗೇರಿಸಿ ತಾನೇ ಹೋದಳು. ಒಂದು ಕಡೆ ಬೋಳಿಸಿ ಇನ್ನೊಂದು ಕಡೆಗೆ ಕೈ ಹಾಕುವಷ್ಟರಲ್ಲಿ ಹಳಿ ನೋಡಿಕೊಳ್ಳುವ ಮೇಸ್ತ್ರಿ ಸೈಕ್ಸ್ ಬಂದ.

"ಇದು ಕಂಪನಿ ಜಾಗ. ನೀವು ಇಲ್ಲಿಗೆ ಕಾಲಿಡೋ ಹಾಗಿಲ್ಲ."

"ಕಂಪನಿ ಜಾಗ ಆದ್ರೆ ಕಂಪನಿಯವರೇ ಕಡೀರಿ. ಬರೋ ರೈಲು ಕಾಣ್ತಿಲ್ಲ, ಕಣ್ಣಿದ್ರೆ ನೋಡು."

ಸೈಕ್ಸ್ ತನ್ನ ಮೇಲಿನವರನ್ನು ಕೇಳಿದ. ಮೇಲಿನವರು ಪೊಲೀಸರನ್ನು ಕರೆಸಿದರು. ಬಂದವನು ಪರ್ವಿಸ್, ಇವಳ ಕೈಯಲ್ಲೇ ಉಂಡು ಬೆಳೆದ ಹುಡುಗ. ಈಗ ಸೊಂಟದಲ್ಲಿ ಪಿಸ್ತೂಲು.

"ಊಟದ ಕೊನೆಗೆ ಸಿಹಿ ಪೀಚ್ ಕಾಬ್ಲರ್ ಎರಡೆರಡು ಸಲ ಹಾಕ್ತಿದ್ನಲ್ಲೋ ನಿಂಗೆ, ನಾಚಿಕೆ ಆಗಲ್ವಾ?"

"ಆಗ್ತಿದೆ ಮಿಸ್ ವರ್ಡೆಲಾ. ಅದಕ್ಕೇ ಕೈಕೋಳ ಹಾಕ್ತಿಲ್ಲ. ಮಚ್ಚು ಕೊಡಿ, ಗಾಡಿ ಹತ್ತಿ."

ಅತಿಕ್ರಮ ಪ್ರವೇಶವೆಂದು ಅವಳಿಗೆ ದಂಡ ಬಿತ್ತು. ಮಚ್ಚು ಠಾಣೆಯ ಉಗ್ರಾಣ ಸೇರಿತು. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ರಾಯ್ಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಕುಡ್ಜು ಯಾರಿಗೂ ಕಾಯದೆ ಮತ್ತೆ ಬೆಳೆಯಿತು.

ಆಗಸ್ಟಿನಲ್ಲಿ ಅದೇ ಜಾಗದಲ್ಲಿ ರೈಲು ರಾಯ್ಸ್‌ನ ಗಾಡಿಗೆ ಬಡಿಯಿತು. ಅವನು ಅಂದೂ ನಿಂತಿದ್ದ, ಕಿಟಕಿಗಳು ಅಂದೂ ಇಳಿದಿದ್ದವು. ಆದರೆ ಪಕ್ಕದ ಹತ್ತಿ ಹೊಲದ ಮೇಲೆ ಔಷಧಿ ಸಿಂಪಡಿಸುವ ವಿಮಾನ ಗುಂಯ್‌ಗುಡುತ್ತಿತ್ತು, ಇನ್ನೇನು ಕೇಳೀತು? ಕಾಣಬೇಕೆಂದರೆ ಗಾಡಿಯ ಮೂತಿ ಹಳಿಯ ಮೇಲೇ ಬರಬೇಕಿತ್ತು. ಮಣ್ಣು ಮಾಡಿ ಬಂದ ಮೇಲೆ ವರ್ಡೆಲಾ ಎಷ್ಟೋ ದಿನ ಎರಡು ತಟ್ಟೆ ಇಡುತ್ತಿದ್ದಳು.

ಕಂಪನಿಯ ವಕೀಲರು ಮನೆಗೇ ಬಂದು, ಇಷ್ಟು ಕೊಡುತ್ತೇವೆ, ಇಲ್ಲಿಗೆ ಮುಗಿಸೋಣ ಎಂದರು. "ಪಾಪ, ನಿಮ್ಮ ಯಜಮಾನ್ರು ಸ್ವಲ್ಪ ಅವಸರ ಮಾಡಿಬಿಟ್ರು," ಎಂದೂ ಸೇರಿಸಿದರು. ಅದೊಂದನ್ನು ಅವರು ಹೇಳಬಾರದಿತ್ತು. ಸತ್ತವನ ತಲೆಯ ಮೇಲೆ ಗೂಬೆ ಕೂರಿಸುವುದೇ? ಅವಳು ಬಾಗಿಲು ತೆರೆದು ನಿಂತಳು. ವಕೀಲರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಕೋರ್ಟಿನ ಎದುರು ಕಚೇರಿ ಇಟ್ಟುಕೊಂಡಿದ್ದ ಮುದುಕ ವಕೀಲ ವಿಟ್ಲೋ ಹೇಳಿದ: "ನೋಡಿ ವರ್ಡೆಲಾ, ನಷ್ಟಕ್ಕೆ ಪರಿಹಾರ ಕೇಳೋದು ಒಂದು. ಅವರ ಸೊಕ್ಕಿಗೆ ದಂಡ ಹಾಕಿಸೋದು ಇನ್ನೊಂದು. ಎರಡನೇದು ಕಷ್ಟ. ಅಪಾಯ ಗೊತ್ತಿದ್ದೂ ಸುಮ್ನಿದ್ರು ಅಂತ ತೋರಿಸ್ಬೇಕು."

"ಎರಡನೇದೇ ಕೇಳಿ. ರಾಯ್ಸ್ ತಪ್ಪಿಲ್ಲ ಅಂತ ಊರಿನ ಜನರ ಬಾಯಲ್ಲೇ ಬರ್ಬೇಕು."

ವಿಚಾರಣೆಯ ದಿನ ಕೂರಲು ಜಾಗವಿರಲಿಲ್ಲ. ದೂರದ ನಗರದಿಂದ ಬಂದಿದ್ದ ಕಂಪನಿಯ ಅಧಿಕಾರಿ ಟೈ ಸರಿಮಾಡಿಕೊಂಡು ಹೇಳಿದ: "ಆ ಕ್ರಾಸಿಂಗ್ ಬಗ್ಗೆ ಯಾರೂ ಯಾವತ್ತೂ ದೂರು ಕೊಟ್ಟಿಲ್ಲ. ಪೊದೆ ಇದೆ ಅನ್ನೋದೇ ನಮಗೆ ತಿಳೀದು."

"ಖಂಡಿತಾ ತಿಳೀದಾ?"

"ಖಂಡಿತಾ."

ವಿಟ್ಲೋ ಪರ್ವಿಸ್‌ನನ್ನು ಕರೆದ. ಪರ್ವಿಸ್ ಬಂದದ್ದು ಉದ್ದ ಹಿಡಿಯ ಮಚ್ಚಿನ ಸಮೇತ. ಅಲಗಿಗೆ ಒಣಗಿದ ಕುಡ್ಜು ಇನ್ನೂ ಅಂಟಿಕೊಂಡಿತ್ತು. ಇದನ್ನು ಎಲ್ಲಿ ಹಿಡಿದೆ, ಯಾರು ದೂರು ಕೊಟ್ಟರು ಎಂದು ಕೇಳಿದ್ದಕ್ಕೆ ಅವನು ಕಂಪನಿಯ ಅಧಿಕಾರಿಯತ್ತ ಕೈ ತೋರಿಸಿದ.

"ಇವರ ಕಂಪನಿಯೇ ಸ್ವಾಮಿ. ಪೊದೆ ಕಡೀತಿದ್ದಾರೆ, ಹಿಡ್ಕೊಂಡು ಹೋಗಿ ಅಂದ್ರು."

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಸುತ್ತಿಗೆ ಕುಟ್ಟಿದರು, ಆದರೆ ಮೆಲ್ಲಗೆ.

ಕೊನೆಗೆ ಸೈಕ್ಸ್ ಬಂದ. ಟೋಪಿ ಹಿಸುಕುತ್ತಾ ನಿಂತ ಅವನಿಗೆ ಬೆವರು ಕಿತ್ತುಕೊಂಡು ಬಂದಿತ್ತು. "ಇವರು ರೈಲು ಕಾಣಲ್ಲ ಅಂತಿದ್ದಾರೆ ಅಂತ ಮೇಲಿನವರಿಗೆ ಹೇಳ್ದೆ. ಕಡಿಸೋಕೆ ಆಳು ಕೇಳ್ದೆ. ಆಳು ಬೇಡ, ಅವಳ ಮೇಲೆ ಕೇಸು ಹಾಕ್ಸು ಅಂದ್ರು." ಇಷ್ಟು ಹೇಳಿ ಮೊದಲ ಸಲ ವರ್ಡೆಲಾಳ ಕಡೆ ನೋಡಿದ. "ಮಿಸ್ ವರ್ಡೆಲಾ, ನಾನು ಆವತ್ತೇ ಕಡೀಬೇಕಿತ್ತು."

ಅಧಿಕಾರಿಯ ಮುಖ ಸುಣ್ಣದಂತಾಯಿತು. ತೀರ್ಪು ಹೇಳಲು ಊರಿನವರಿಂದಲೇ ಆರಿಸಿದ್ದ ಜ್ಯೂರಿಯವರು ಒಳಗೆ ಹೋಗಿ, ತಂದಿಟ್ಟ ಕಾಫಿ ಆರುವ ಮೊದಲೇ ಹೊರಗೆ ಬಂದರು. ಅವರಲ್ಲೊಬ್ಬನಾದ ಊರಿನ ಕ್ಷೌರಿಕ ಎದ್ದು ಓದಿದ. ರಾಯ್ಸ್ ಟ್ಯಾಕೆಟ್‌ನ ತಪ್ಪು ಏನಾದರೂ ಇತ್ತೇ? ಇಲ್ಲ. ಕಂಪನಿ ಗೊತ್ತಿದ್ದೂ ಸುಮ್ಮನಿತ್ತೇ? ಹೌದು. ಕಂಪನಿಗೆ ದಂಡ ಬೀಳಬೇಕೇ? "ಬೀಳ್ಲೇಬೇಕು," ಎಂದ ಆತ, ಅಷ್ಟು ಒತ್ತಿ ಹೇಳೆಂದು ಹಾಳೆಯಲ್ಲಿ ಬರೆದಿರಲಿಲ್ಲ. ದಂಡದ ಮೊತ್ತ ಕೇಳಿ ಕೋರ್ಟೇ ಹುಯ್ಯೆಂದಿತು. ವರ್ಡೆಲಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಆ ಮೊದಲ 'ಇಲ್ಲ' ಕೇಳಿದಾಗಲೇ ಅವಳು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಷ್ಟು ತೃಪ್ತಿಯಿಂದ ಅತ್ತವರನ್ನು ಆ ಊರು ಕಂಡಿರಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಕ್ರಾಸಿಂಗ್‌ಗೆ ಗೇಟು ಬಂತು, ಗಂಟೆ ಬಂತು, ಕೆಂಪು ದೀಪ ಬಂತು. ಪೊದೆ ಕಡಿಯಲು ಯಂತ್ರವೂ ಬಂತು, ಅದರ ಹಿಂದೆ ಸೈಕ್ಸ್. ವರ್ಡೆಲಾ ಗೇಟಿನ ಬಳಿ ಗಾಡಿ ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಕೋರ್ಟಿನಿಂದ ಬಿಡಿಸಿ ತಂದ ಮಚ್ಚು ಮಲಗಿತ್ತು. ಗೇಟು ಮೇಲೆಯೇ ಇತ್ತು. ಆದರೂ ಅವಳು ರೇಡಿಯೋ ಆರಿಸಿ, ಎರಡೂ ಕಿಟಕಿ ಇಳಿಸಿದಳು.

ಸೈಕ್ಸ್ ಓಡಿ ಬಂದ. "ಏನಾದ್ರೂ ಬೇಕಿತ್ತಾ ಮಿಸ್ ವರ್ಡೆಲಾ?"

"ಆ ಮೂಲೇಲಿ ಸ್ವಲ್ಪ ಬಿಟ್ಟಿದ್ದೀಯ. ನಾನೇ ಇಳೀಲಾ?"

"ಅಯ್ಯೋ, ಬೇಡಿ!" ಎಂದವನು ಯಂತ್ರಕ್ಕೂ ಕಾಯದೆ ಕೈಯಿಂದಲೇ ಕೀಳತೊಡಗಿದ.

ಹಿಂದೆ ಗಾಡಿಗಳು ಸಾಲುಗಟ್ಟಿದ್ದವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಮೂಲೆ ಸ್ವಚ್ಛವಾಗುವವರೆಗೆ ನೋಡುತ್ತಿದ್ದು, ಹಳಿಯ ಎರಡೂ ತುದಿ ಕಣ್ಣಿಗೆ ಬಿದ್ದ ಮೇಲೆ, ವರ್ಡೆಲಾ ನಿಧಾನವಾಗಿ ದಾಟಿದಳು.