ಕಾಶಿಗೆ ಹೋಗಿದ್ದ ಟೀವಿ ಅಜ್ಜ

ಆಗ ಒಂದು ಮನೆಗೆ ಒಂದೇ ಟೀವಿ, ಆ ಟೀವಿಗೆ ಎರಡೇ ಚಾನೆಲ್ಲು. ಪುಣೆಯ ಹಳೆಯ ಪೇಟೆಯಲ್ಲಿ, ಒಂದೇ ಅಂಗಳದ ಸುತ್ತ ಹತ್ತು ಸಂಸಾರಗಳಿರುವ ವಾಡೆಗಳಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ದೀಪಾವಳಿ ರಜೆ ಎಂದರೆ ಇಷ್ಟೇ: ಬೆಳಿಗ್ಗೆ ಅಂಗಳದಲ್ಲಿ ಮಣ್ಣು ಕಲಸಿ ಕೋಟೆ ಕಟ್ಟುವುದು, ಮಧ್ಯಾಹ್ನ ಕೈ ತೊಳೆದೋ ತೊಳೆಯದೆಯೋ ಬಂದು ಟೀವಿಯ ಮುಂದೆ ಕೂರುವುದು. ಪಾಡ್ಯದ ದಿನ ನಾಲ್ಕು ಗಂಟೆಗೆ ಹಬ್ಬದ ವಿಶೇಷ ಚಿತ್ರ ಇರುತ್ತಿತ್ತು. ಟಾಕೀಸಿಗೆ ಬರುವಂಥದ್ದಲ್ಲ, ಟೀವಿಗೆಂದೇ ತೆಗೆದದ್ದು. ಸ್ವಲ್ಪ ಮಾಯಾಮಂತ್ರ, ಸ್ವಲ್ಪ ಅಳು, ಕೊನೆಗೆ ಎಲ್ಲರೂ ಸೇರಿ ದೀಪ ಹಚ್ಚುವುದು. ಸಪರಿವಾರ ನೋಡಿ ಎಂದು ಮೂರು ದಿನ ಮೊದಲಿನಿಂದ ಸಾರುತ್ತಿದ್ದರು. ಸಪರಿವಾರ ಸಿನಿಮಾ ನೋಡುವುದೆಂದರೆ ಏನು ಗೋಳು ಎಂಬುದು ಹಾಗೆ ಸಾರುವವರಿಗೇನು ಗೊತ್ತು! ಅವರ ಮನೆಯಲ್ಲಿ ನಮ್ಮಜ್ಜಿ ಇರಲಿಲ್ಲವಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಅದು. ತಮ್ಮ ಗುಂಡ್ಯಾನಿಗೆ ಆರು. ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಗದಗಿನಲ್ಲಿ ಅಜ್ಜ ತೀರಿಕೊಂಡ. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಹೋಗಿ, ಎಲ್ಲ ಮುಗಿಸಿ, ಅಜ್ಜಿಯನ್ನು ಕರೆದುಕೊಂಡು ಬಂದ. ವರ್ಷ ತುಂಬಿರದ ಕಾರಣ ಮನೆಯಲ್ಲಿ ಹಬ್ಬ ಇಲ್ಲ. ಒಲೆಯ ಮೇಲೆ ಎಣ್ಣೆಯ ಬಾಣಲೆ ಏರಲಿಲ್ಲ, ಹೊಸ ಬಟ್ಟೆ ಇಲ್ಲ, ಫಟಾಕಿ ಇಲ್ಲ. ವಾಡೆಯ ಎಲ್ಲ ಮನೆಗಳಿಂದ ಚಕ್ಕಲಿ ಕರಿಯುವ ವಾಸನೆ ಬಂದು ನಮ್ಮ ಮನೆಯ ಉಪ್ಪಿಟ್ಟಿನ ಮೇಲೆ ಕೂರುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಇದು ಎಷ್ಟು ದೊಡ್ಡ ಅನ್ಯಾಯ ಎಂಬುದನ್ನು ನೀವೇ ಯೋಚಿಸಿ. ನನಗೆ ಉಳಿದದ್ದು ಆ ನಾಲ್ಕು ಗಂಟೆಯ ಸಿನಿಮಾ ಒಂದೇ.

ಅಜ್ಜಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರುತ್ತಿರಲಿಲ್ಲ. ಹಿಂದಿಯೂ ಇಲ್ಲ, ಮರಾಠಿಯೂ ಇಲ್ಲ. ಹಾಗಾಗಿ ಟೀವಿಯಲ್ಲಿ ಬಂದದ್ದನ್ನೆಲ್ಲ ಕನ್ನಡ ಮಾಡಿ ಹೇಳುವ ಕೆಲಸ ಮನೆಯ ಹಿರಿಯ ಮಗಳಾದ ನನ್ನ ತಲೆಗೆ ಕಟ್ಟಿದ್ದರು. ಯಾರ ಮಗ, ಯಾಕೆ ಅಳುತ್ತಾನೆ, ಆ ಹುಡುಗಿಗೆ ಲಗ್ನ ಆಗಿದೆಯೋ ಇಲ್ಲವೋ, ಎಲ್ಲವೂ ಬೇಕು ಅಜ್ಜಿಗೆ. ನಾನು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ಹತ್ತು ಮಾತು ಆಗಿಹೋಗಿರುತ್ತಿತ್ತು. ಸಾಕಾಗಿ, ಸಿಟ್ಟಿಗೆದ್ದಾನ ಅಂತಷ್ಟೇ ಹೇಳಿದರೆ, ಅಷ್ಟೊತ್ತು ಮಾತಾಡಿದ, ಬರೇ ಸಿಟ್ಟಿಗೆದ್ದಾನ ಅಂತೀಯಲ್ಲ, ಉಳಿದದ್ದು ಎಲ್ಲಿ ಹೋತು ಎಂದು ನನ್ನನ್ನೇ ಹಿಡಿದು ಕೇಳುತ್ತಿದ್ದಳು. ಒಂದೇ ಒಂದು ಸಿನಿಮಾವನ್ನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ನೋಡಬೇಕೆಂಬುದು ನನ್ನ ಬಾಲ್ಯದ ಮಹದಾಸೆಯಾಗಿತ್ತು ಎಂದರೆ ನಗಬೇಡಿ.

ಇಷ್ಟು ಸಾಲದೆಂದು ಆ ವರ್ಷ ಇನ್ನೊಂದು ಕಟ್ಟಳೆ ಬೇರೆ ಬಂತು. ಶ್ರಾವಣದಲ್ಲಿ ಯಾವುದೋ ಧಾರಾವಾಹಿಯಲ್ಲಿ ಹೆಣ ಎತ್ತುವ ದೃಶ್ಯ ಬಂದು, ಅಜ್ಜಿ ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದವಳು ಎರಡು ದಿನ ಅನ್ನ ಮುಟ್ಟಲಿಲ್ಲ. ಅವ್ವ ಟೀವಿಗೆ ಹಳೆಯ ಧೋತರ ಹೊದಿಸಿ ಒಂದು ತಿಂಗಳು ತೆಗೆಯಲಿಲ್ಲ. ಆಮೇಲೂ ಅಜ್ಜಿ ಅರ್ಧ ರೊಟ್ಟಿಯ ಮೇಲೆ ತಿಂದದ್ದೇ ಇಲ್ಲ. ಪಾಡ್ಯದ ಮಧ್ಯಾಹ್ನ ನಾನು ಟೀವಿ ಹಚ್ಚುವ ಮೊದಲು ಅವ್ವ ಅಡುಗೆಮನೆಗೆ ಕರೆದು ಕೈ ಹಿಡಿದು ಹೇಳಿದಳು.

"ಸಾಯೂ ಮಾತು ಏನರೆ ಬಂತಂದ್ರ ಟೀವಿ ಬಂದ್. ಮತ್ತ ಊಟಾ ಬಿಟ್ಲಂದ್ರ ಅಕಿ ಉಳಿಯೂದಿಲ್ಲ. ನೀನ ನೋಡ್ಕೋಬೇಕು, ಶಾಲೂ."

ಏನು ನೋಡಿಕೊಳ್ಳುವುದು, ನನ್ನ ತಲೆ! ಸಿನಿಮಾ ತೆಗೆದವರು ನನ್ನನ್ನು ಕೇಳಿ ತೆಗೆದಿದ್ದರೇ? ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಗೋಡೆಯ ಮೇಲೆ ಒಬ್ಬ ಬಿಳಿ ಮೀಸೆಯ ಅಜ್ಜನ ಫೋಟೋ, ಫೋಟೋಕ್ಕೆ ಮಾಲೆ. ಕೆಳಗೆ ಮೊಮ್ಮಗಳು ನಿಂತು ಅಳುತ್ತಿದ್ದಾಳೆ. ಅಜ್ಜ ಸತ್ತ ಮೇಲೆ ಮೊದಲ ದೀಪಾವಳಿ ಎಂದು ಅವಳ ಮಾತಿನಲ್ಲೇ ಬಂತು. ಅವಳು ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಹಿತ್ತಾಳೆಯ ದೀಪ ತೆಗೆದು ಹಚ್ಚಿದಳು. ಭುಸ್ ಎಂದು ಹೊಗೆ ಎದ್ದಿತು. ಹೊಗೆಯೊಳಗಿಂದ ಅದೇ ಅಜ್ಜ, ಕೋಟು ಟೋಪಿ ಸಮೇತ, ಕೆಮ್ಮುತ್ತ ಹೊರಗೆ ಬಂದ. ದೀಪದ ಎಣ್ಣೆ ಇರುವ ನಾಲ್ಕು ದಿನ ಇರುತ್ತೇನೆ, ನೀನೊಬ್ಬಳು ಬಿಟ್ಟರೆ ಯಾರಿಗೂ ಕಾಣುವುದಿಲ್ಲ ಎಂದ.

ಗುಂಡ್ಯಾ ಬಾಯಿ ತೆರೆದು ಭೂ ಎನ್ನುವಷ್ಟರಲ್ಲಿ ಅವನ ತೊಡೆ ಚಿವುಟಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಆ ಕ್ಷಣದಲ್ಲಿ ನನ್ನ ಬಾಯಿಗೆ ಕಾಶಿ ಯಾಕೆ ಬಂತೋ ದೇವರೇ ಬಲ್ಲ. ಆ ಅಜ್ಜ ಕಾಶಿಗೆ ಹೋಗಿದ್ದನೆಂದೂ, ಹಬ್ಬಕ್ಕೆಂದು ಈಗ ಬಂದಿದ್ದಾನೆಂದೂ ಹೇಳಿಬಿಟ್ಟೆ. ಹಾಗಾದರೆ ಹೊಗೆಯೊಳಗಿಂದ ಯಾಕೆ ಬಂದ ಎಂದಳು ಅಜ್ಜಿ. ಅದು ಹೊಗೆಯಲ್ಲ, ಆ ಕಡೆ ಥಂಡಿ ಭಾಳ, ಮಂಜು ಎಂದೆ. ಜೀವಂತ ಇದ್ದವನ ಫೋಟೋಕ್ಕೆ ಮಾಲೆ ಹಾಕುತ್ತಾರೇನು ಎಂದಳು. ಸನ್ಯಾಸಿ ಆಗ್ಯಾನ, ಸ್ವಾಮಿಗಳ ಫೋಟೋಕ್ಕ ಹಾಕೂದಿಲ್ಲೇನು ಎಂದೆ. ಸನ್ಯಾಸಿ ಕೋಟು ಹಾಕುತ್ತಾನೇನು ಎಂದಳು. ನಾನು ಹಣೆ ಬಡಿದುಕೊಂಡೆ. ಅಲ್ಲಿ ಟೀವಿಯೊಳಗೆ ಅಜ್ಜ ಏನೋ ಚಮತ್ಕಾರ ಮಾಡಿ ಗಾಳಿಪಟಕ್ಕೆ ಮಾತು ಬರಿಸಿದ್ದನಂತೆ. ಅದನ್ನು ನಾನು ನೋಡಲೇ ಇಲ್ಲ.

ಮುಂದೆ ಇನ್ನೂ ಫಜೀತಿ. ಆ ಅಜ್ಜ ಮನೆ ತುಂಬ ಓಡಾಡಿದರೂ ಯಾರೂ ಅವನ ಕಡೆ ನೋಡುವುದಿಲ್ಲ. ಕಾಣಿಸಿದರಲ್ಲವೇ ನೋಡುವುದು! ಸೊಸೆ ಅವನ ಮುಂದಿನಿಂದಲೇ ಕೊಡ ಹೊತ್ತು ಹೋದಳು. ಮಾವ ಬಂದು ನಿಂತಿದ್ದಾನೆ, ಒಂದು ತಂಬಿಗೆ ನೀರು ಕೊಡಲಿಲ್ಲವಲ್ಲ ಎಂದು ಅಜ್ಜಿಗೆ ಸಿಟ್ಟು ಬಂತು. ಅವರಿಬ್ಬರೂ ಮಾತು ಬಿಟ್ಟಿದ್ದಾರೆ ಎಂದು ನಾನು ಸುಳ್ಳಿನ ಮೇಲೆ ಸುಳ್ಳು ಪೇರಿಸಿದೆ. ಅಜ್ಜಿ ಅಡುಗೆಮನೆಯ ಕಡೆ ಮುಖ ಮಾಡಿ, ಇಂಥ ಸೊಸೆಯಂದಿರೂ ಇರುತ್ತಾರೆ ನೋಡು, ನಮ್ಮ ಪುಣ್ಯ ದೊಡ್ಡದು ಎಂದಳು. ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು ನಿಂತಳು. ಟೀವಿಯಲ್ಲಿ ಅಜ್ಜ ಮುಚ್ಚಿದ ಬಾಗಿಲೊಳಗಿಂದ ತೂರಿ ಹೊರಗೆ ಹೋದ. ಬಾಗಿಲು ತೆರೆದದ್ದು ನಿನಗ ಕಾಣಲಿಲ್ಲ ಅಜ್ಜಿ, ಕನ್ನಡಕ ಒರಸಿಕೋ ಎಂದೆ. ಪಾಪ, ಒರೆಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಫರಾಳದ ತಟ್ಟೆ ಹಿಡಿದು ಬಂದರು. ನಮ್ಮಲ್ಲಿ ಹಬ್ಬ ಇಲ್ಲವೆಂದು ಆ ತಾಯಿ ದಿನಾ ಒಂದು ತಟ್ಟೆ ಚಕ್ಕಲಿ, ನಮ್ಮ ಕರ್ಜಿಕಾಯಿಯಂಥ ಕರಂಜಿ, ಚೂಡಾ ತಂದುಕೊಡುತ್ತಿದ್ದರು, ಅವರ ಹೊಟ್ಟೆ ತಣ್ಣಗಿರಲಿ. ಆದರೆ ತಂದವರು ತಟ್ಟೆ ಇಟ್ಟು ಹೋಗಬಾರದೇ? ನನ್ನ ಪಕ್ಕದಲ್ಲೇ ಕುಳಿತು, ಆ ಅಜ್ಜ ಯಾರು ಎಂದು ಮರಾಠಿಯಲ್ಲಿ ಕೇಳಿದರು. ಅವರಿಗೆ ಹಿಂದಿ ಬರುತ್ತದೆ, ಸುಳ್ಳು ನಡೆಯುವುದಿಲ್ಲ. ಸತ್ತವನು, ನಾಲ್ಕು ದಿನಕ್ಕೆ ಬಂದಿದ್ದಾನೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದೆ. ಕಾಕು ಸೆರಗು ಬಾಯಿಗೆ ಹಚ್ಚಿ ಅಳತೊಡಗಿದರು. ಕಾಶಿಯಿಂದ ಬಂದದ್ದಕ್ಕೆ ಈಕೆ ಯಾಕೆ ಅಳುತ್ತಾಳೆ ಎಂದಳು ಅಜ್ಜಿ. ಇವರ ಅತ್ತೆಯೂ ಕಾಶಿಗೆ ಹೋಗಿದ್ದಾರೆ, ಇನ್ನೂ ಬಂದಿಲ್ಲ, ಅದು ನೆನಪಾಯಿತು ಎಂದೆ. ಅಜ್ಜಿ ಕಾಕುವಿನ ಬೆನ್ನು ಸವರಿ, ಬರುತ್ತಾರವ್ವ, ಚಿಂತೆ ಮಾಡಬೇಡ ಎಂದು ಕನ್ನಡದಲ್ಲಿ ಸಮಾಧಾನ ಹೇಳಿದಳು. ಕಾಕು, ವಿಧವೆಯಾದ ಅಜ್ಜಿಯೇ ತನಗೆ ಧೈರ್ಯ ಹೇಳುತ್ತಿದ್ದಾಳಲ್ಲ ಎಂದು ಇನ್ನಷ್ಟು ಅತ್ತರು. ನಾನು ಇಬ್ಬರ ನಡುವೆ ಕುಳಿತು ಒಂದು ಕಿವಿಗೆ ಒಂದು ಕತೆ, ಇನ್ನೊಂದು ಕಿವಿಗೆ ಇನ್ನೊಂದು ಕತೆ ಹೇಳುತ್ತ ಬೆವರಿ ನೀರಾದೆ. ಗುಂಡ್ಯಾ ಮಾತ್ರ ಬಾಯಿ ಬಿಡದಿರಲೆಂದು ನಾನು ಕೊಟ್ಟ ನನ್ನ ಪಾಲಿನ ಕರಂಜಿಗಳನ್ನೂ ಸೇರಿಸಿ ಮುಕ್ಕುತ್ತಿದ್ದ.

ಕೊನೆಗೂ ಕೊನೆ ಬಂತು. ನಾಲ್ಕನೆಯ ದಿನ ದೀಪದಲ್ಲಿ ಎಣ್ಣೆ ತೀರುತ್ತ ಬಂದಿದೆ. ಟೀವಿಯೊಳಗಿನ ಅಜ್ಜಿ, ಆ ಅಜ್ಜನ ಹೆಂಡತಿ, ಫೋಟೋದ ಮುಂದೆ ತಟ್ಟೆ ಇಟ್ಟು ಪೂರಿ, ಪಲ್ಯ, ಸಿಹಿ ಎಲ್ಲ ಬಡಿಸಿದಳು. ಅಜ್ಜ ಆ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಗ್ಗಿ ವಾಸನೆ ತೆಗೆದುಕೊಂಡು, ಹೆಂಡತಿಯ ಮುಖ ನೋಡುತ್ತ ಏನೋ ಹೇಳಿದ. ದೀಪ ಆರಿತು. ಅಜ್ಜ ಇಲ್ಲ.

ರೈಲಿನ ಹೊತ್ತಾಯಿತು, ಕಾಶಿಗೆ ಹೋದ ಎಂದೆ. ಇನ್ನು ನೂರು ಪ್ರಶ್ನೆ ಬರುತ್ತವೆ ಎಂದು ಹಲ್ಲು ಕಚ್ಚಿ ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಿದ್ದೆ. ಬರಲಿಲ್ಲ. ಅಜ್ಜಿ ಟೀವಿಯನ್ನೇ ನೋಡುತ್ತಿದ್ದು, ಕೊನೆಗೆ ಒಂದೇ ಒಂದು ಕೇಳಿದಳು.

"ಉಂಡು ಹೋದನೇನವ್ವಾ?"

ನಮ್ಮಜ್ಜ ಉಂಡು ಹೋಗಿರಲಿಲ್ಲ. ಗದಗಿನಲ್ಲಿ ಆ ದಿನ ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ಅಜ್ಜಿಯೊಡನೆ ಮುನಿಸಿಕೊಂಡು, ರೊಟ್ಟಿ ಬಡಿಸಿದ ತಾಟನ್ನು ಸರಿಸಿ ಎದ್ದು ಪೇಟೆಗೆ ಹೋದವನು ಅಲ್ಲೇ ಕುಸಿದುಬಿದ್ದಿದ್ದ. ಹಸಿದು ಬರುತ್ತಾನೆ ಎಂದು ಅಜ್ಜಿ ಆ ರೊಟ್ಟಿಯ ಮೇಲೆ ಬುಟ್ಟಿ ಮುಚ್ಚಿಟ್ಟು ಕಾಯುತ್ತಿದ್ದಳಂತೆ. ಅವ್ವ ಕಾಕುವಿನ ಮುಂದೆ ಇದನ್ನು ಹೇಳಿ ಅತ್ತದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಅಜ್ಜಿ ಹೀಗೆ ಕೇಳಿದಾಗ ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಸುಳ್ಳು ಹೇಳಿ ದಡ ಮುಟ್ಟಿಸುವ ಹೊತ್ತಿಗೆ ಇದನ್ನೇ ಕೇಳಬೇಕೇ ಈ ಮುದುಕಿ!

"ಉಂಡ ಅಜ್ಜಿ. ಎರಡು ಸಲ ಅನ್ನಾ ಹಾಕಿಸ್ಕೊಂಡ. ಮ್ಯಾಲೆ ಮಜ್ಜಿಗಿ ಕುಡದು ಹೋದ."

"ಹಂಗಾರ ಹೋಗ್ಲಿ ಬಿಡು," ಎಂದಳು ಅಜ್ಜಿ.

ಆ ಸಂಜೆ ಅವಳು ಎರಡು ರೊಟ್ಟಿ ತಿಂದಳು. ಕಾಕು ತಂದ ಚಕ್ಕಲಿಯನ್ನು ಪುಡಿ ಮಾಡಿಸಿಕೊಂಡು ಅದನ್ನೂ ತಿಂದಳು. ಅವ್ವ ಪಕ್ಕದಲ್ಲೇ ಕುಳಿತು ಬಡಿಸಿದಳು. ಆಮೇಲೆ ಅಜ್ಜಿ ಒಂಬತ್ತು ವರ್ಷ ಬದುಕಿದಳು, ಟೀವಿ ನೋಡಿದಳು, ನನ್ನ ಪ್ರಾಣ ತಿಂದಳು. ನಾನಂತೂ ಆ ಮಧ್ಯಾಹ್ನ ಅಜ್ಜಿಯನ್ನು ಏಮಾರಿಸಿ ಗೆದ್ದೆ ಎಂದೇ ಇಷ್ಟು ವರ್ಷ ಮೆರೆದೆ. ನೆಂಟರ ಮುಂದೆ ಈ ಕತೆ ಹೇಳಿ ನಗಿಸಿದ್ದೂ ಇದೆ.

ಹೋದ ದೀಪಾವಳಿಯಲ್ಲಿ, ಪುಣೆಯದೇ ಹೊಸ ಬಡಾವಣೆಯಾದ ಖರಾಡಿಯ ನಮ್ಮ ಹನ್ನೊಂದನೆಯ ಮಹಡಿಯ ಮನೆಯಲ್ಲಿ, ಆ ಚಿತ್ರ ಫೋನಿನಲ್ಲಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಹಳೆಯ ಟೇಪಿನಿಂದ ಏರಿಸಿದ್ದರು. ಹನ್ನೆರಡು ವರ್ಷದ ಮಗಳನ್ನು ಹಬ್ಬದ ಆಸೆಯಿಂದ ಪಕ್ಕದಲ್ಲಿ ಕೂರಿಸಿಕೊಂಡೆ. ಆಕೆ ಎರಡನೆಯ ನಿಮಿಷಕ್ಕೆ, ಮಮ್ಮಾ, ಆ ತಾತ ಘೋಸ್ಟ್ ಅಲ್ವಾ ಎಂದು ಹೇಳಿ, ತುಂಬಾ ಸ್ಲೋ ಇದೆ ಎಂದು ಎದ್ದುಹೋಗಿ ಕಿವಿಗೆ ತನ್ನ ಇಯರ್‌ಫೋನ್ ಸಿಕ್ಕಿಸಿಕೊಂಡಳು. ತಪ್ಪೇನಿಲ್ಲ. ಎಂಥ ದರಿದ್ರ ಸಿನಿಮಾ ಅದು! ಗಾಳಿಪಟಕ್ಕೆ ಕಟ್ಟಿದ ದಾರ ಕಾಣುತ್ತದೆ, ಅಜ್ಜನ ಮೀಸೆ ಒಂದು ಕಡೆ ಕಿತ್ತು ಬಂದಿದೆ. ಇದಕ್ಕಾಗಿ ನಾನು ಆರು ಕರಂಜಿ ಬಿಟ್ಟುಕೊಟ್ಟೆನೇ ಎಂದು ಬೈದುಕೊಳ್ಳುತ್ತ, ಯಾರ ಕಾಟವೂ ಇಲ್ಲದೆ, ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ನೋಡಿದೆ.

ದೀಪ ಆರುತ್ತದೆ, ಅಜ್ಜ ಮಾಯವಾಗುತ್ತಾನೆ. ಆಮೇಲೆ ಆ ನಿರ್ದೇಶಕ ಮಹಾಶಯ ಬರೀ ತಟ್ಟೆಯನ್ನು ತೋರಿಸುತ್ತಾನೆ. ತೋರಿಸುತ್ತಾನೆ, ತೋರಿಸುತ್ತಲೇ ಇರುತ್ತಾನೆ. ಪರದೆ ತುಂಬ ತಟ್ಟೆ, ತಟ್ಟೆ ತುಂಬ ಪೂರಿ, ಒಂದು ತುತ್ತೂ ಮುರಿದಿಲ್ಲ. ಕೊಳಲು ಮುಗಿಯುತ್ತದೆ, ಪಿಟೀಲು ಶುರುವಾಗುತ್ತದೆ, ತಟ್ಟೆ ಹಾಗೆಯೇ ಇದೆ. ಅದರಲ್ಲಿ ಅನ್ನವೇ ಇರಲಿಲ್ಲ. ಮಜ್ಜಿಗೆಯೂ ಇರಲಿಲ್ಲ. ಅಜ್ಜಿ ಅಷ್ಟು ಹೊತ್ತೂ ಅದನ್ನು ನೋಡುತ್ತ ಕುಳಿತಿದ್ದಳು, ಆಮೇಲೆ ನನ್ನನ್ನು ಕೇಳಿದ್ದಳು.

ಫೋನು ಕೆಳಗಿಟ್ಟೆ. ಮನೆಯಲ್ಲಿ ನಾಲ್ಕು ಪರದೆಗಳಿವೆ, ಎಲ್ಲರಿಗೂ ಎಲ್ಲ ಭಾಷೆಗಳೂ ಬರುತ್ತವೆ, ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಾನು ಏನಾದರೂ ಹೇಳಿದರೂ ಸರಿಯೋ ತಪ್ಪೋ ಎಂದು ಒಮ್ಮೆ ಫೋನು ತೆಗೆದು ನೋಡಿಯೇ ನಂಬುತ್ತಾರೆ. ನೋಡಲಿ, ಬುದ್ಧಿವಂತರು. ತನ್ನ ಕಣ್ಣೆದುರು ತಟ್ಟೆ ತುಂಬಿರುವುದನ್ನು ನೋಡಿಯೂ, ನಾನು ಉಂಡನೆಂದೆ ಎಂಬ ಒಂದೇ ಕಾರಣಕ್ಕೆ ಉಂಡನೆಂದು ಒಪ್ಪಿಕೊಂಡು, ಎದ್ದು ಊಟಕ್ಕೆ ಕೂತವಳು ಅವಳೊಬ್ಬಳೇ. ಅಷ್ಟು ನಂಬುವವರು ನನಗೆ ಮತ್ತೆ ಸಿಗಲಿಲ್ಲ.