ನಲ್ಲಿ ಮುಚ್ಚಿದ ಮುಂಜಾವು

ರಸ್ತೆಯ ಅಂಚಿನಲ್ಲಿ ಮಂಡಿಯೂರಿ ಕೂತ ಹೆಂಗಸು ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಾರೆ. ಒಳಗೆ ಮೊಣಕಾಲುದ್ದದ ಗುಂಡಿ, ಗುಂಡಿಯ ತಳದಲ್ಲಿ ನೀರಿನ ಪೈಪು. ಅದರ ಮೇಲೆ ಬಲೆ ನೇಯ್ದು ಕೂತ ಜೇಡವನ್ನು ಬೆರಳ ತುದಿಯಿಂದ ಮೆಲ್ಲಗೆ ಸರಿಸಿ, “ಸ್ವಲ್ಪ ಜಾಗ ಬಿಡಪ್ಪ” ಅನ್ನುತ್ತಾರೆ. ಆಮೇಲೆ ಮರದ ಕೋಲೊಂದರ ತುದಿಯನ್ನು ಪೈಪಿಗೆ ಊರಿ, ಇನ್ನೊಂದು ತುದಿಗೆ ಬಲಗಿವಿಯನ್ನು ಒತ್ತಿ ಕಣ್ಣು ಮುಚ್ಚುತ್ತಾರೆ. ಬೆಳಕು ಇನ್ನೂ ಬಂದಿಲ್ಲ, ಹಕ್ಕಿಗಳೂ ಎದ್ದಿಲ್ಲ. ದೂರದಿಂದ ನೋಡಿದವರಿಗೆ ಪ್ರಾರ್ಥನೆಗೆ ಕೂತಂತೆ ಕಾಣಬೇಕು. ಹತ್ತಿರದಿಂದಲೂ ಹಾಗೇ ಕಾಣುತ್ತದೆ.

ಊರಿನವರು ಅವರನ್ನು ಕಿವಿಯಮ್ಮ ಅನ್ನುತ್ತಾರೆ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳಿ ಪತ್ತೆ ಹಚ್ಚುವುದು ಅವರ ಕೆಲಸ. ಗಟ್ಟಿ ಪೈಪಿನಲ್ಲಿ ನೀರು ಸುಮ್ಮನೆ ಇರುತ್ತದಂತೆ. ಬಿರುಕಿನಿಂದ ಹೊರಗೆ ನುಗ್ಗುವಾಗ ಮಾತ್ರ ಅದಕ್ಕೆ ದನಿ ಬರುತ್ತದೆ. ಏನು ಕೇಳಿಸಿತು ಎಂದು ಜೊತೆಗೆ ಬಂದ ನಾನು ಕೇಳಿದರೆ, ಎದ್ದು ಸೀರೆಯ ಮಣ್ಣು ಕೊಡವುತ್ತಾರೆ. “ಎಲ್ಲಾ ಕೇಳಿಸುತ್ತೆ. ಅದೇ ತೊಂದರೆ ಆಗಿರೋದು.”

ಹೊಳೆಯ ದಡದಿಂದ ಹೊರಟು ಗುಡ್ಡ ಹತ್ತುವ ಈ ಪೈಪು ಮೂರು ಊರುಗಳ ಜೀವನಾಡಿ. ಕೆಳಗಿನೂರು, ನಡುವಿನೂರು, ಮೇಲಿನೂರು ಎಂದೇ ಜನ ಕರೆಯುತ್ತಾರೆ. ಹತ್ತಾರು ವರ್ಷಗಳ ಹಿಂದೆ ಪ್ರದೇಶಾಭಿವೃದ್ಧಿ ಮಂಡಳಿ ಇದನ್ನು ಹಾಕಿಸಿದಾಗ, ಅದಕ್ಕೂ ಮೊದಲು ಟ್ಯಾಂಕರಿನ ಹಿಂದೆ ಓಡುತ್ತಿದ್ದ ಹೆಂಗಸರು ಮೊದಲ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿ ಅತ್ತರಂತೆ. ಕಿವಿಯಮ್ಮನ ಗಂಡ ಆಗ ಮಂಡಳಿಯ ಫಿಟ್ಟರ್. ಪೈಪಿನ ಒಂದೊಂದು ಜೋಡಣೆಯೂ ಅವರ ಕೈಯಲ್ಲೇ ಬಿಗಿದದ್ದು. ಮಧ್ಯಾಹ್ನ ಊಟದ ಬುತ್ತಿ ತರುತ್ತಿದ್ದ ಹೆಂಡತಿಯ ಕಿವಿಗೆ ಒಂದು ದಿನ ತಮಾಷೆಗೆ ಕೋಲು ಹಿಡಿದರು. ಅವಳಿಗೆ ತನಗಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಗೊತ್ತಾದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷ. ಕೋಲು, ಕೆಲಸ, ನಡುವಿನೂರಿನ ವಾಲ್ವು ಕಟ್ಟೆಯ ಪಕ್ಕದ ಒಂದೂವರೆ ಕೋಣೆಯ ಮನೆ, ಮೂರೂ ಕಿವಿಯಮ್ಮನ ಪಾಲಿಗೆ ಉಳಿದಿವೆ. ಮಕ್ಕಳಿಲ್ಲ.

ಈಗ ಮೇಲಿನೂರಿಗೆ ನೀರು ಹತ್ತುತ್ತಿಲ್ಲ. ಮೊದಲು ಸಣ್ಣಗಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು, ಈಗ ನಲ್ಲಿ ಬರೀ ಗಾಳಿ ಉಗುಳುತ್ತದೆ. ದಾರಿಯಲ್ಲಿ ಎಲ್ಲೋ ಸೋರುತ್ತಿದೆ, ಆದರೆ ನೆಲದ ಮೇಲೆ ಎಲ್ಲೂ ಒದ್ದೆಯಿಲ್ಲ. ಮಂಡಳಿಯ ಎಂಜಿನಿಯರ್ ಯಂತ್ರ ತಂದು ಎರಡು ದಿನ ಇವರ ಜೊತೆಯೇ ಗುಡ್ಡ ಹತ್ತಿಳಿದರು. ಯಂತ್ರಕ್ಕೂ ಕೋಲಿಗೂ ಕೇಳಿಸಿದ್ದು ಒಂದೇ: ಉದ್ದಕ್ಕೂ ಗುಸುಗುಸು. “ನನಗೂ ಸಂಕಟವೇ ಕಣಮ್ಮ” ಎಂದು ಅವರು ಹೋಗುವಾಗ ಹೇಳಿದ್ದಾರೆ. “ಈ ತಿಂಗಳೊಳಗೆ ಸಿಗದಿದ್ದರೆ ಮೇಲಿನ ಪೈಪು ಮುಚ್ಚಿ ಟ್ಯಾಂಕರ್ ಕಳಿಸೋದು ಅಂತ ಮಂಡಳಿ ತೀರ್ಮಾನ ಮಾಡಿದೆ.” ಟ್ಯಾಂಕರ್ ಎಂದರೆ ಏನೆಂದು ಮೇಲಿನೂರಿಗೆ ಗೊತ್ತು. ವಾರಕ್ಕೆರಡು ಸಲ ಬರುವ ನೀರಿನಲ್ಲಿ ದನ ಸಾಕಲಾಗುವುದಿಲ್ಲ. ದನ ಹೋದರೆ ಹಾಲಿನ ಕೇಂದ್ರ ಹೋಗುತ್ತದೆ. ಆಮೇಲೆ ಜನ.

ಆ ಜನರಲ್ಲಿ ಕಿವಿಯಮ್ಮನ ಅಕ್ಕ ಒಬ್ಬರು. ಮೂರು ಹಸು ಕಟ್ಟಿಕೊಂಡು ಮೇಲಿನೂರಿನಲ್ಲಿ ಒಂಟಿಯಾಗಿರುವ ಈ ಅಕ್ಕನನ್ನು ಬಿಟ್ಟರೆ ಕಿವಿಯಮ್ಮನಿಗೆ ಹತ್ತಿರದವರು ಬೇರೆ ಇಲ್ಲ. ದೂರದ ಊರಿನಲ್ಲಿರುವ ಮಗಳು ಬಂದುಬಿಡಮ್ಮ ಎಂದು ಅಕ್ಕನ ದುಂಬಾಲು ಬಿದ್ದಿದ್ದಾಳೆ. “ಪೈಪು ಮುಚ್ಚಿದ ದಿನ ನಾನು ಹೊರಟೆ” ಎಂದು ಅಕ್ಕ ಫೋನಿನಲ್ಲಿ ಹೇಳುವುದು ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತದೆ, ದನಿ ಅಷ್ಟು ದೊಡ್ಡದು. “ಹಸುಗೆ ಕುಡಿಸೋಕೆ ಬಿಂದಿಗೆ ಹೊತ್ತು ಗುಡ್ಡ ಇಳಿಯೋ ವಯಸ್ಸೇನೇ ನಂದು? ನಿನ್ನ ಕಿವಿಗೆ ಎಣ್ಣೆ ಬಿಟ್ಕೋ, ಸರಿಯಾಗಿ ಕೇಳು.” ಕಿವಿಯಮ್ಮ ಫೋನಿಟ್ಟು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಆ ಗುಸುಗುಸು ಎಲ್ಲಿಂದ ಎಂದು ಅವರಿಗೆ ಗೊತ್ತಿದೆ. ಟ್ಯಾಂಕರಿನ ಕಾಲದ ಭಯ ಈ ಊರುಗಳನ್ನು ಇನ್ನೂ ಬಿಟ್ಟಿಲ್ಲ. ನೀರು ಯಾವ ಹೊತ್ತಿಗೆ ನಿಂತೀತೋ ಎಂದು ಕೆಳಗಿನೂರು, ನಡುವಿನೂರುಗಳಲ್ಲಿ ಮನೆಮನೆಯಲ್ಲೂ ನಲ್ಲಿಯನ್ನು ಸಣ್ಣಗೆ ಬಿಟ್ಟು, ಕೆಳಗೆ ಡ್ರಮ್ಮಿಟ್ಟೇ ಮಲಗುತ್ತಾರೆ. ಅಷ್ಟೂ ನಲ್ಲಿಗಳ ಸದ್ದು ಪೈಪಿಗೆ ಏರಿದರೆ ಸೋರಿಕೆಯ ಸದ್ದನ್ನು ಹೆಕ್ಕುವುದು ಹೇಗೆ? ಒಂದು ಮುಂಜಾವು, ಒಂದೇ ಒಂದು ಗಂಟೆ, ಎಲ್ಲರೂ ನಲ್ಲಿ ಮುಚ್ಚಬೇಕು. ಕಿವಿಯಮ್ಮ ಮನೆಮನೆಗೂ ಹೋಗಿ ಕೇಳುತ್ತಾರೆ.

“ನಾನು ಮುಚ್ತೀನಮ್ಮ” ಎಂದು ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳುತ್ತಾನೆ. “ಎದುರುಮನೆ ಬೇಕರಿಯಮ್ಮ ಮುಚ್ತಾರಾ? ಅವರ ಹಿಟ್ಟಿಗೆ ಹೊಳೇನೇ ಸಾಲದು.”

ಬೇಕರಿಯಮ್ಮನಿಗೆ ಕಿವಿ ಚುರುಕು. “ಅವನ ಡ್ರಮ್ಮು ನೋಡಿದ್ದೀರಾ? ಸೂಜಿಗೆ ದಾರ ಪೋಣಿಸೋನಿಗೆ ಅಷ್ಟು ನೀರು ಯಾಕಂತೆ?”

“ಇಬ್ಬರೂ ಮುಚ್ಚಿ. ಜಗಳ ಏಳು ಗಂಟೆ ಮೇಲೆ ಇಟ್ಕೊಳ್ಳಿ” ಎನ್ನುತ್ತಾರೆ ಕಿವಿಯಮ್ಮ. ಸಂಜೆಯವರೆಗೆ ತಿರುಗಿ ಎಲ್ಲರಿಂದಲೂ ಹೂಂ ಅನ್ನಿಸಿಕೊಳ್ಳುತ್ತಾರೆ.

ಮರುದಿನ ಬೆಳಗಿನ ಜಾವ ಜನ ಬಾಗಿಲಲ್ಲಿ ನಿಂತಿದ್ದಾರೆ. ಅಷ್ಟು ಜನ ಅಷ್ಟು ಸುಮ್ಮನಿರುವುದನ್ನು ಈ ಬೀದಿ ಕಂಡಿರಲಾರದು. ಕಿವಿಯಮ್ಮ ಮೊದಲ ಮುಚ್ಚಳ ತೆಗೆದು ಕೋಲು ಊರುತ್ತಾರೆ. ಕಣ್ಣು ಮುಚ್ಚಿದ ಮುಖ ನಿಧಾನವಾಗಿ ಗಂಟಿಕ್ಕುತ್ತದೆ. “ಯಾರದೋ ನಲ್ಲಿ ಇನ್ನೂ ಓಡ್ತಿದೆ.”

ಎಲ್ಲರ ಕಣ್ಣು ದರ್ಜಿಯ ಕಡೆಗೆ. “ನಾನಂದಿರಲಿಲ್ವಾ!” ಅನ್ನುತ್ತಾರೆ ಬೇಕರಿಯಮ್ಮ. ದರ್ಜಿ ಅವರ ಕೈಹಿಡಿದೇ ಒಳಗೆ ಎಳೆದೊಯ್ದು ತೋರಿಸುತ್ತಾನೆ. ನಲ್ಲಿಯ ಬಾಯಿಗೆ ಬಟ್ಟೆಯ ಪಟ್ಟಿ ಸುತ್ತಿ, ಎರಡು ಗಂಟು ಹಾಕಿಟ್ಟಿದ್ದಾನೆ. ಒಂದು ಹನಿಯಿಲ್ಲ. ಕಿವಿಯಮ್ಮ ಮನೆಯಿಂದ ಮನೆಗೆ ಕೋಲು ಊರುತ್ತ ನಡೆಯುತ್ತಾರೆ, ಜನ ಹಿಂದೆ. ಸದ್ದು ಬಲವಾಗುತ್ತ ಬೀದಿ ದಾಟಿಸುತ್ತದೆ, ವಾಲ್ವು ಕಟ್ಟೆ ದಾಟಿಸುತ್ತದೆ, ತಂದು ಅವರದೇ ಹೊಸ್ತಿಲಲ್ಲಿ ನಿಲ್ಲಿಸುತ್ತದೆ.

ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ತಗಡಿನ ಬಕೆಟ್ಟು ತುಂಬಿ ಚೆಲ್ಲುತ್ತಿದೆ, ಮೇಲಿನ ನಲ್ಲಿಯಿಂದ ದಾರದಷ್ಟು ನೀರು. ಗಂಡ ತೀರಿಕೊಂಡ ವಾರ ಇವರು ಬಿಟ್ಟ ನಲ್ಲಿ ಅದು. ಅಂದಿನಿಂದ ರಾತ್ರಿಯ ಹೊತ್ತು ಮುಚ್ಚಿದ್ದಿಲ್ಲ.

“ನಂದೇ” ಎಂದು ಬಾಗಿಲಿಗೆ ಬಂದು ಹೇಳುತ್ತಾರೆ.

ಯಾರೋ ನಗುತ್ತಾರೆ. ಬೇಕರಿಯಮ್ಮ ಸೊಂಟಕ್ಕೆ ಕೈಯಿಡುತ್ತಾರೆ. “ಊರಿಗೆಲ್ಲ ಹೇಳಿ ನಿನ್ನ ನಲ್ಲೀನೇ ಬಿಟ್ಟಿದ್ದೀಯಲ್ಲೇ!”

“ಬೇಕಂತ ಬಿಟ್ಟಿದ್ದಲ್ಲ ಕಣಮ್ಮ. ಅದು ನನಗೆ ನಲ್ಲಿ ಅಂತ ಅನ್ನಿಸೋದೇ ನಿಂತುಹೋಗಿದೆ. ರಾತ್ರಿ ಎಚ್ಚರ ಆದರೆ ಅಡುಗೆಮನೇಲಿ ಯಾರೋ ಏನೋ ಮಾಡ್ಕೊಂಡಿದ್ದಾರೆ ಅನ್ನೋ ಹಾಗಿರುತ್ತೆ. ಅಷ್ಟೇ.”

ಬೇಕರಿಯಮ್ಮ ಸೊಂಟದ ಕೈ ಇಳಿಸಿ, ಒಳಗೆ ಹೋಗಿ, ಚೆಲ್ಲಿದ ನೀರನ್ನು ಬಟ್ಟೆ ಹಾಕಿ ಒರೆಸತೊಡಗುತ್ತಾರೆ. ಆದರೆ ಅಷ್ಟರಲ್ಲಿ ಬೆಳಕು ಹರಿದಿದೆ, ಹಿಟ್ಟು ನಾದಬೇಕು, ಮಕ್ಕಳಿಗೆ ಸ್ನಾನವಾಗಬೇಕು. ಒಂದೊಂದೇ ನಲ್ಲಿ ತೆರೆದುಕೊಳ್ಳುತ್ತದೆ. ಆ ದಿನ ಕೈಜಾರಿತು. ತಿಂಗಳು ಮುಗಿಯುವುದಕ್ಕೆ ಮೂರೇ ದಿನ.

ಮತ್ತೆ ಮನೆಮನೆಗೆ ಹೋಗಬೇಕು. ಮೊದಲ ಸಲಕ್ಕಿಂತ ಇದು ಕಷ್ಟ. “ಯಾವ ಮುಖ ಇಟ್ಕೊಂಡು ಕೇಳೋದು?” ಎಂದುಕೊಂಡು ಕಟ್ಟೆಯ ಮೇಲೆ ಕೂತ ಕಿವಿಯಮ್ಮನ ಮುಂದೆ ದರ್ಜಿ ಬಂದು ನಿಲ್ಲುತ್ತಾನೆ. ತೋಳಿನ ತುಂಬ ಬಟ್ಟೆಯ ಪಟ್ಟಿಗಳು. “ಏಳಿ. ನೀವು ಕೆಳಗಿನೂರಿಗೆ ಹೋಗಿ, ಇಲ್ಲಿ ನಾನೇ ಹೋಗಿ ಕಟ್ತೀನಿ. ಆದರೆ ಮೊದಲು ನಿಮ್ಮ ನಲ್ಲಿಗೆ ಹೊಲಿಗೆ ಹಾಕ್ತೀನಿ, ಗೊತ್ತಾಯ್ತಾ?” ಬೈಸಿಕೊಳ್ಳಲು ಸಿದ್ಧರಾಗಿ ಹೋದ ಕಿವಿಯಮ್ಮನಿಗೆ ಯಾವ ಮನೆಯಲ್ಲೂ ಬೈಗುಳ ಸಿಗುವುದಿಲ್ಲ. ಅಡುಗೆಮನೆಯ ವಿಷಯ ಅವರಿಗಿಂತ ಮೊದಲೇ ಕೆಳಗಿನೂರಿಗೆ ಇಳಿದು ಹೋಗಿದೆ.

ಎರಡನೆಯ ಮುಂಜಾವಿಗೆ ಅವರ ಕಣ್ಣು ಕೆಂಪಾಗಿದೆ. ನಲ್ಲಿ ಮುಚ್ಚಿದ ಮನೆಯಲ್ಲಿ ನಿದ್ದೆ ಬಂದಿಲ್ಲ. ಮೊದಲ ಮುಚ್ಚಳದಲ್ಲಿ ಕೋಲು ಊರಿ ಬಹಳ ಹೊತ್ತು ಅಲುಗಾಡದೆ ಕೂರುತ್ತಾರೆ. ಬೀದಿ ಉಸಿರು ಬಿಗಿಹಿಡಿದಿದೆ. ಎರಡೂರಿನ ಜನ ಭಯವನ್ನು ಕಟ್ಟಿಟ್ಟು ಒಬ್ಬರನ್ನೊಬ್ಬರು ನಂಬಿದ ಹೊತ್ತು ಇದು. ದೇವರು ಎಲ್ಲಾದರೂ ಕಿವಿಗೊಟ್ಟು ಕೂತಿದ್ದರೆ ಇಂಥ ಮೌನವನ್ನೇ ಕೇಳುತ್ತಿರಬೇಕು.

“ಇದೆ” ಅನ್ನುತ್ತಾರೆ ಕಿವಿಯಮ್ಮ, ಪಿಸುಮಾತಿನಲ್ಲಿ. “ಮೇಲಿದೆ. ದೂರ.”

ಮುಚ್ಚಳದಿಂದ ಮುಚ್ಚಳಕ್ಕೆ ಗುಡ್ಡ ಹತ್ತುತ್ತಾರೆ. ತಿರುವಿನ ಮೋರಿಯ ಹತ್ತಿರ ಮಂಡಿಯೂರಿದವರು ಏಳುವುದಿಲ್ಲ, ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಅಗೆದಾಗ ಅಲ್ಲೇ ಜೋಡಣೆ ಬಾಯಿಬಿಟ್ಟಿದೆ. ಸೋರಿದ ನೀರು ನೆಲಕ್ಕೆ ಬರದೆ ಕಲ್ಲಿನ ಸಂದಿಯಲ್ಲಿ ಇಳಿದು, ಮೋರಿಯ ಕೆಳಗಿಂದ ಕಣಿವೆಗೆ ಹೋಗುತ್ತಿತ್ತು. ಎಂಜಿನಿಯರ್ ಮಧ್ಯಾಹ್ನವೇ ಜನರನ್ನು ಕರೆದುಕೊಂಡು ಬರುತ್ತಾರೆ. ಗಂಡ ಬಿಗಿದಿದ್ದ ಜೋಡಣೆಯ ಹಳೆಯ ಉಂಗುರವನ್ನು ಕಿವಿಯಮ್ಮ ತಾವೇ ಬಿಚ್ಚಿ, ಒರೆಸಿ, ಪಕ್ಕಕ್ಕಿಟ್ಟು, ಹೊಸದನ್ನು ಕೂರಿಸುತ್ತಾರೆ.

ಮರುದಿನ ಸಂಜೆ ಮೇಲಿನೂರಿನಲ್ಲಿ ನಲ್ಲಿಗಳು ಕೆಮ್ಮಿ, ಕೆಂಪು ನೀರು ಕಾರಿ, ತಿಳಿಯಾಗಿವೆ. ಅಕ್ಕನ ಮನೆಯ ಅಂಗಳದಲ್ಲಿ ಮೂರು ಹಸುಗಳೂ ತೊಟ್ಟಿಗೆ ಮುಖ ಹಾಕಿ ಕುಡಿಯುತ್ತಿವೆ. ಅಕ್ಕ ತಂಗಿಯನ್ನು ನೋಡಿ ಬಾ ಎಂದೂ ಅನ್ನುವುದಿಲ್ಲ. ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲ ಕಟ್ಟಿಟ್ಟ ಗಂಟುಗಳ ನಡುವೆ ಕೂತು ಹಗ್ಗದ ಜೊತೆ ಗುದ್ದಾಡುತ್ತಿದ್ದಾರೆ.

“ಕಟ್ಟೋವಾಗಂತೂ ಬರ್ಲಿಲ್ಲ. ಬಿಚ್ಚೋಕಾದ್ರೂ ಕೈ ಹಾಕು.”

“ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದ್ದೆ?”

“ಸಿಟ್ಟು ಬಂದಿತ್ತು, ಕಟ್ಟಿದೆ. ಮಾತಾಡ್ಬೇಡ, ಬಿಚ್ಚು.”

ಇಬ್ಬರೂ ಎದುರುಬದುರು ಕೂತು ಹಲ್ಲಿನಿಂದ, ಉಗುರಿನಿಂದ ಗಂಟು ಸಡಿಲಿಸುತ್ತಾರೆ. ಪಾತ್ರೆಗಳು ಮತ್ತೆ ಗೂಡು ಸೇರುತ್ತವೆ. ಇವತ್ತು ಇಲ್ಲೇ ಇದ್ದುಬಿಡು ಎಂದು ಅಕ್ಕ ಎರಡು ಸಲ ಹೇಳುತ್ತಾರೆ. ನಾಳೆ ಬೆಳಿಗ್ಗೆ ಕೆಳಗಿನ ಮುಚ್ಚಳದಿಂದ ಶುರು ಮಾಡಬೇಕು, ಹೊಸ ಜೋಡಣೆಯನ್ನು ಒಂದು ವಾರ ನಂಬುವ ಹಾಗಿಲ್ಲ ಎಂದು ಕಿವಿಯಮ್ಮ ಕೋಲು ಎತ್ತಿಕೊಳ್ಳುತ್ತಾರೆ.

ಇಳಿಜಾರಿನಲ್ಲಿ ಅವರ ನಡಿಗೆ ನಿಧಾನ. ಮನೆ ಈಗ ತುಂಬ ನಿಶ್ಶಬ್ದವಲ್ಲವೇ ಎಂದು ತಿರುವಿನ ಹತ್ತಿರ ಕೇಳುತ್ತೇನೆ. ಅಲ್ಲಿ ನಿಂತು ಮೇಲಕ್ಕೆ ನೋಡುತ್ತಾರೆ. ಅಕ್ಕನ ಅಂಗಳದ ದೀಪ ಹತ್ತಿದೆ.

“ನನಗೆ ಹೆಚ್ಚೇನೂ ಬೇಡ ಬಿಡಿ” ಅನ್ನುತ್ತಾರೆ. “ಅಕ್ಕ ಮೇಲಿದ್ದಾಳೆ ಅಂತ ಗೊತ್ತಿದ್ರೆ, ಕೆಳಗೆ ನಾನೊಬ್ಳೇ ಮಲಗಬಹುದು.”